ಐದರಿಂದ ಹತ್ತನೆಯ ತರಗತಿಯವರೆಗೆ ಪೌರನೀತಿಯನ್ನು ಹೇಗೆ ಕಲಿಸಬೇಕು?

ಐದರಿಂದ ಹತ್ತನೆಯವರೆಗಿನ ಅಷ್ಟೂ ತರಗತಿಗಳ ಸಮಾಜ ವಿಜ್ಞಾನ ನಿಮ್ಮೊಬ್ಬರ ಪಾಲಿಗೇ ಬಂದಿದೆ. ಪಂಚಾಯಿತಿ, ಚುನಾವಣೆ, ಶಾಸಕಾಂಗ ಎಂಬ ಅದೇ ವಿಷಯಗಳು ವರ್ಷ ವರ್ಷವೂ ತಿರುಗಿ ಬರುವುದರಿಂದ ಮಕ್ಕಳು ‘ಇದು ಹೋದ ವರ್ಷವೇ ಆಯ್ತಲ್ಲ’ ಎನ್ನುತ್ತಾರೆ. ಏನು ಮಾಡಲಿ ಎಂದು ಕೇಳಿದ್ದೀರಿ. ನಾನೂ ಹಳ್ಳಿಯ ಸಂಯುಕ್ತ ಶಾಲೆಯೊಂದರಲ್ಲಿ ಇದೇ ತರಗತಿಗಳಿಗೆ ಇದೇ ವಿಷಯವನ್ನು ಬೋಧಿಸುತ್ತಿರುವುದರಿಂದ ಉತ್ತರಿಸುವ ಧೈರ್ಯ ಮಾಡುತ್ತಿದ್ದೇನೆ.

ವಿಷಯ ಮರುಕಳಿಸುವುದರಲ್ಲಿ ತೊಂದರೆಯಿಲ್ಲ. ಅದರ ಬಗ್ಗೆ ನಾವು ಕೇಳುವ ಪ್ರಶ್ನೆಯೂ ಮರುಕಳಿಸುತ್ತದೆ ಎಂಬುದೇ ತೊಂದರೆ. ಗ್ರಾಮ ಪಂಚಾಯಿತಿಯ ಅವಧಿ ಎಷ್ಟು ವರ್ಷ ಎಂದು ಐದನೆಯ ತರಗತಿಯಲ್ಲೂ ಕೇಳಿ, ಹತ್ತರಲ್ಲೂ ಕೇಳಿದರೆ ಯಾವ ಮಗುವಿಗಾದರೂ ಬೇಸರ ಬರುತ್ತದೆ. ನಾನು ಊರಿನ ಒಂದೇ ಸಂಗತಿಯನ್ನು, ಉದಾಹರಣೆಗೆ ಶಾಲೆಯ ಮುಂದಿನ ಬೀದಿದೀಪವನ್ನು, ಎಲ್ಲ ತರಗತಿಗಳಿಗೂ ಒಯ್ಯುತ್ತೇನೆ. ಚಿಕ್ಕವರಿಗೆ ಅದು ಯಾರ ಕೆಲಸ ಎಂದು ಕೇಳುತ್ತೇನೆ. ಏಳನೆಯವರಿಗೆ ಬಂದಾಗ ಅದಕ್ಕೆ ಹಣ ಎಲ್ಲಿಂದ ಬಂತು, ಖರ್ಚು ಮಾಡಲು ಒಪ್ಪಿಗೆ ಕೊಟ್ಟವರು ಯಾರು ಎಂಬುದು ಪ್ರಶ್ನೆಯಾಗುತ್ತದೆ. ಪ್ರೌಢಶಾಲೆಯವರ ಮುಂದೆ, ಆ ಕೆಲಸ ಆಗದಿದ್ದರೆ ಯಾರನ್ನು ಯಾವ ಕಾನೂನಿನ ಬಲದಿಂದ ಕೇಳಬಹುದು ಎಂಬುದನ್ನು ಇಡುತ್ತೇನೆ.

ಐದನೆಯ ತರಗತಿಗೆ ಹೆಚ್ಚೇನೂ ಬೇಡ. ಸಂವಿಧಾನದ ವಿಧಿಗಳ ಸಂಖ್ಯೆಯನ್ನಂತೂ ಬಾಯಿಪಾಠ ಮಾಡಿಸಲೇಬೇಡಿ. ಅಂಗನವಾಡಿ ಕಾರ್ಯಕರ್ತೆ, ನೀರು ಬಿಡುವ ವಾಟರ್‌ಮನ್, ಲೈನ್‌ಮನ್, ಗ್ರಾಮ ಆಡಳಿತಾಧಿಕಾರಿ (ಹಿಂದಿನ ಗ್ರಾಮ ಲೆಕ್ಕಿಗರು) ಇವರೆಲ್ಲ ಒಂದೇ ಕಚೇರಿಗೆ ಸೇರಿದವರಲ್ಲ ಎಂಬುದು ಆ ವಯಸ್ಸಿಗೆ ತಿಳಿದರೆ ಸಾಕು, ಅದೇ ದೊಡ್ಡ ಪಾಠ.

ಆರು ಮತ್ತು ಏಳನೆಯ ತರಗತಿಗಳಿಗೆ ನಾನು ಕಂಡ ಅತ್ಯುತ್ತಮ ಬೋಧನೋಪಕರಣವೆಂದರೆ ಪಂಚಾಯಿತಿಯ ಮನೆ ಕಂದಾಯದ ರಸೀದಿ. ಮಕ್ಕಳ ಮನೆಯಿಂದ ತರಿಸಬೇಡಿ. ಯಾರ ಮನೆಯಲ್ಲಿ ಬಾಕಿ ಎಷ್ಟಿದೆ ಎಂಬುದು ತರಗತಿಗೆ ತಿಳಿಯಬೇಕಾದ ವಿಷಯವಲ್ಲ. ನಿಮ್ಮದೇ ರಸೀದಿಯ ಹೆಸರು, ಆಸ್ತಿ ಸಂಖ್ಯೆಗಳನ್ನು ಮುಚ್ಚಿ ಜೆರಾಕ್ಸ್ ಮಾಡಿಸಿ ನಾಲ್ಕೈದು ಮಕ್ಕಳಿಗೆ ಒಂದರಂತೆ ಹಂಚಿ. ಮೂಲ ತೆರಿಗೆಯ ಕೆಳಗೆ ಆರೋಗ್ಯ ಉಪಕರ, ಶಿಕ್ಷಣ ಉಪಕರ, ಗ್ರಂಥಾಲಯ ಉಪಕರ, ಭಿಕ್ಷುಕರ ಉಪಕರ ಎಂಬ ಸಾಲುಗಳು ಬರುತ್ತವೆ. ಕೊನೆಯದನ್ನು ಓದಿದ ಕೂಡಲೇ ತರಗತಿಯಲ್ಲಿ ನಗು ಏಳುತ್ತದೆ: ‘ಭಿಕ್ಷುಕರಿಗೂ ತೆರಿಗೆ ಇದೆಯಾ?’ ಆ ನಗುವನ್ನು ಬಿಡದೆ ಹಿಡಿದುಕೊಳ್ಳಿ. ಅದು ಭಿಕ್ಷುಕರು ಕಟ್ಟುವ ತೆರಿಗೆಯಲ್ಲ, ಅವರ ಪುನರ್ವಸತಿಗಾಗಿ ನಾವು ಕಟ್ಟುವುದು, 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ವಸೂಲಾಗುವಂಥದ್ದು ಎಂದು ವಿವರಿಸುವಾಗ, ಕಾಯ್ದೆಯನ್ನು ಮಾಡಿದ್ದು ಬೆಂಗಳೂರಿನ ವಿಧಾನಮಂಡಲ, ವಸೂಲು ಮಾಡುವುದು ನಮ್ಮೂರಿನ ಪಂಚಾಯಿತಿ ಎಂಬ ಎರಡು ಹಂತಗಳ ಸಂಬಂಧವು ಒಂದೇ ಸಾಲಿನಲ್ಲಿ ಮಕ್ಕಳ ಕಣ್ಣಿಗೆ ಬೀಳುತ್ತದೆ. ಗ್ರಂಥಾಲಯ ಉಪಕರದ ಹಿಂದೆ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿದೆ. ಊರಿನ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ, ಬಾಗಿಲು ಹಾಕಿದ್ದರೆ ‘ನಮ್ಮ ದುಡ್ಡು ಎಲ್ಲಿ ಹೋಯಿತು?’ ಎಂದು ಮಕ್ಕಳು ತಾವಾಗಿಯೇ ಕೇಳುತ್ತಾರೆ. ಪಂಚಾಯಿತಿಯ ಆದಾಯ ಮೂಲಗಳು ಎಂಬ ಪಾಠವನ್ನು ಅನಂತರ ಓದಿಸಿದರೆ ಅದು ಅಪರಿಚಿತವೆನಿಸುವುದಿಲ್ಲ.

ಎಂಟನೆಯ ತರಗತಿಗೆ ಚುನಾವಣೆ. ಶಾಲಾ ಸಂಸತ್ತಿನ ಚುನಾವಣೆಯನ್ನು ಈಗ ಹಲವು ಶಾಲೆಗಳು ಮೊಬೈಲ್ ಆ್ಯಪ್ ಬಳಸಿ ನಡೆಸುತ್ತವೆ. ಬೀಪ್ ಸದ್ದು ಕೇಳಿ ಮಕ್ಕಳು ಖುಷಿಪಡುತ್ತಾರೆ, ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಯಂತ್ರಕ್ಕಿಂತ ಮತಗಟ್ಟೆಯ ಸಿಬ್ಬಂದಿಯ ಕೆಲಸದಲ್ಲಿ ಕಲಿಯುವುದು ಹೆಚ್ಚಿದೆ ಎಂಬುದು ನನ್ನ ಅಭಿಪ್ರಾಯ. ಚುನಾವಣಾ ಡ್ಯೂಟಿ ಮಾಡಿರುವ ನಮಗೆ ಅದು ಚೆನ್ನಾಗಿ ಗೊತ್ತು: ಒಂದನೆಯ ಮತಗಟ್ಟೆ ಅಧಿಕಾರಿ ಮತದಾರರ ಹೆಸರನ್ನು ಗಟ್ಟಿಯಾಗಿ ಓದುತ್ತಾರೆ, ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಾಕಿ ರಿಜಿಸ್ಟರಿನಲ್ಲಿ ಸಹಿ ಪಡೆಯುತ್ತಾರೆ, ಮೂರನೆಯವರು ಮತಯಂತ್ರದ ಕಂಟ್ರೋಲ್ ಯೂನಿಟ್‌ನ ಗುಂಡಿ ಒತ್ತಿದ ಮೇಲೆಯೇ ಮತ ಹಾಕಲು ಸಾಧ್ಯ. ಈ ಪಾತ್ರಗಳನ್ನು ಮಕ್ಕಳಿಗೇ ವಹಿಸಿ, ಸೋಲುವ ಸಂಭವವಿರುವ ಅಭ್ಯರ್ಥಿಯ ಕಡೆಯವರನ್ನೂ ಏಜೆಂಟರಾಗಿ ಬೆಂಚಿನ ಮೇಲೆ ಕೂರಿಸಿ. ಮತ ಗುಪ್ತವಾಗಿರುವಾಗ ಹೆಸರನ್ನು ಮಾತ್ರ ಎಲ್ಲರಿಗೂ ಕೇಳುವಂತೆ ಏಕೆ ಓದಬೇಕು ಎಂದು ಆಮೇಲೆ ಕೇಳಿ. ಬಂದವರು ಯಾರೆಂಬುದು ಎಲ್ಲರಿಗೂ ತಿಳಿಯಬೇಕು, ಯಾರಿಗೆ ಹಾಕಿದರೆಂಬುದು ಯಾರಿಗೂ ತಿಳಿಯಬಾರದು ಎಂಬ ಉತ್ತರಕ್ಕೆ ತರಗತಿ ತಾನೇ ಬಂದು ಮುಟ್ಟುತ್ತದೆ. ಆ ಶಾಯಿ ಮೈಸೂರಿನ ಬಣ್ಣ ಮತ್ತು ಅರಗು ಕಾರ್ಖಾನೆಯದು, 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತಿದೆ ಎಂದರೆ ಮಕ್ಕಳ ಮುಖ ಅರಳುತ್ತದೆ. ಲೋಕಸಭೆ, ವಿಧಾನಸಭೆಗಳ ಚುನಾವಣೆಯನ್ನು ಭಾರತ ಚುನಾವಣಾ ಆಯೋಗ ನಡೆಸುತ್ತದೆ, ಪಂಚಾಯಿತಿ ಚುನಾವಣೆಯನ್ನು ರಾಜ್ಯ ಚುನಾವಣಾ ಆಯೋಗ ನಡೆಸುತ್ತದೆ ಎಂಬ ವ್ಯತ್ಯಾಸವನ್ನೂ ಇಲ್ಲಿಯೇ ಹೇಳಿಬಿಡಿ. ಎಷ್ಟೋ ಜನ ಶಿಕ್ಷಕರಿಗೂ ಇದರಲ್ಲಿ ಗೊಂದಲವಿದೆ.

ಗೆದ್ದ ಮಂತ್ರಿಮಂಡಲಕ್ಕೆ ಗಂಟೆ ಹೊಡೆಯುವುದು, ಗಿಡಗಳಿಗೆ ನೀರು ಹಾಕಿಸುವುದು ಮಾತ್ರ ಕೆಲಸವಾದರೆ ಅದು ಸಂಸತ್ತಲ್ಲ. ಸಂಭ್ರಮ ಶನಿವಾರದ (ಬ್ಯಾಗಿಲ್ಲದ ದಿನದ) ಕಾರ್ಯಕ್ರಮ ಯಾವುದಾಗಬೇಕು ಎಂಬಂಥ ಒಂದಾದರೂ ನಿಜವಾದ ತೀರ್ಮಾನವನ್ನು ಅವರಿಗೆ ಬಿಟ್ಟುಕೊಡಿ. ಅವರ ತೀರ್ಮಾನ ನಿಮಗೆ ಒಪ್ಪಿಗೆಯಾಗದಿದ್ದರೂ ನಡೆಯಲಿ.

ಒಂಬತ್ತನೆಯವರಿಗೆ ಮಕ್ಕಳ ಗ್ರಾಮಸಭೆಗಿಂತ ಒಳ್ಳೆಯ ಅವಕಾಶ ಬೇರೆ ಇಲ್ಲ. ನಮ್ಮ ರಾಜ್ಯದ ಪಂಚಾಯಿತಿಗಳು ವರ್ಷಕ್ಕೊಮ್ಮೆ ಅದನ್ನು ನಡೆಸಬೇಕಾಗಿರುವುದರಿಂದ ದಿನಾಂಕವನ್ನು ಪಿಡಿಓ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಂದ ಮೊದಲೇ ತಿಳಿದುಕೊಳ್ಳಿ. ನಾವು ಸಾಮಾನ್ಯವಾಗಿ ಚೆನ್ನಾಗಿ ಮಾತನಾಡುವ ಇಬ್ಬರು ಮಕ್ಕಳಿಗೆ ಭಾಷಣ ಬರೆದುಕೊಟ್ಟು ಕಳುಹಿಸಿಬಿಡುತ್ತೇವೆ. ಅದರ ಬದಲು ಒಂದು ವಾರ ಮೊದಲು ಎಲ್ಲರ ಬೇಡಿಕೆಗಳನ್ನು ಹಲಗೆಯ ಮೇಲೆ ಬರೆಸಿ, ಯಾವುದು ಯಾರ ಕೆಲಸ ಎಂದು ಮಕ್ಕಳಿಂದಲೇ ವಿಂಗಡಿಸಿ. ಶೌಚಾಲಯಕ್ಕೆ ನೀರಿಲ್ಲ ಎಂಬುದನ್ನು ಪಂಚಾಯಿತಿಗೆ ಹೇಳಬಹುದು. ಬೆಳಗಿನ ಬಸ್ಸು ಹತ್ತು ನಿಮಿಷ ಮೊದಲು ಬರಬೇಕೆಂಬುದು ಸಾರಿಗೆ ನಿಗಮದ ಡಿಪೊಗೆ ಹೋಗಬೇಕಾದ ಮನವಿ, ಗಣಿತ ಶಿಕ್ಷಕರು ಬೇಕೆಂಬುದು ಕ್ಷೇತ್ರ ಶಿಕ್ಷಣಾಧಿಕಾರಿಯವರ (ಬಿಇಒ) ಕಚೇರಿಗೆ, ರೈಲ್ವೆ ಗೇಟಿನ ಸಮಸ್ಯೆ ಕೇಂದ್ರ ಸರ್ಕಾರಕ್ಕೆ. ಬೀದಿದೀಪದ ಬಲ್ಬು ಪಂಚಾಯಿತಿಯದು, ಆದರೆ ಕಂಬದ ತಂತಿ ವಿದ್ಯುತ್ ಕಂಪನಿಯದು ಎಂಬಲ್ಲಿಗೆ ಬಂದಾಗ ಒಳ್ಳೆಯ ಜಗಳವೇ ನಡೆಯುತ್ತದೆ, ನಡೆಯಲಿ. ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಎಂದು ಮೂರು ಅಂಕಣ ಎಳೆದು ಕಲಿಸುವುದಕ್ಕಿಂತ ಈ ವಿಂಗಡಣೆ ಹೆಚ್ಚು ಕಾಲ ಉಳಿಯುತ್ತದೆ. ಮನವಿಯನ್ನು ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯುವುದನ್ನು, ಮೂರು ತಿಂಗಳ ನಂತರ ಏನಾಯಿತೆಂದು ಅದೇ ಮಕ್ಕಳು ಹೋಗಿ ವಿಚಾರಿಸುವುದನ್ನು ತಪ್ಪಿಸಬೇಡಿ.

ಇದರ ಜೊತೆಗೆ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಹೇಳುತ್ತೇನೆ. ಆರಂಭದಲ್ಲಿ ಅದರ 144 ಸದಸ್ಯರು ಅಹವಾಲು ಹೇಳಿಕೊಳ್ಳಬಹುದಾಗಿತ್ತೇ ಹೊರತು ಕಾನೂನು ಮಾಡುವಂತಿರಲಿಲ್ಲ. ಮಕ್ಕಳ ಗ್ರಾಮಸಭೆಗೆ ಹೋಗಿಬಂದವರಿಗೆ ಈ ಸ್ಥಿತಿ ಬೇಗ ಅರ್ಥವಾಗುತ್ತದೆ.

ಹತ್ತನೆಯ ತರಗತಿಗೆ ಎರಡು ಸಂಗತಿಗಳನ್ನು ಇಟ್ಟುಕೊಂಡಿದ್ದೇನೆ. ಮೊದಲನೆಯದು ಸಕಾಲ, ಅಂದರೆ ಸರ್ಕಾರಿ ಸೇವೆಗಳನ್ನು ಗೊತ್ತುಪಡಿಸಿದ ಅವಧಿಯೊಳಗೆ ಕೊಡುವ ವ್ಯವಸ್ಥೆ. ವಿದ್ಯಾರ್ಥಿವೇತನಕ್ಕಾಗಿ ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿ ಚೀಟಿಯ ಮೇಲಿನ ಸಂಖ್ಯೆಯ ಹಿಂದೆ 2011ರ ನಾಗರಿಕ ಸೇವೆಗಳ ಖಾತರಿ ಕಾಯ್ದೆ ಇದೆ. ವಿಳಂಬವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಲು ಅರ್ಜಿದಾರರಿಗೆ ಹಕ್ಕಿದೆ. ಮೊತ್ತ ಚಿಕ್ಕದಾದರೂ, ಕಚೇರಿಯ ಮುಂದೆ ಕೈಮುಗಿದು ನಿಲ್ಲುವುದಕ್ಕೂ ಕಾನೂನಿನ ಪ್ರಕಾರ ಕೇಳುವುದಕ್ಕೂ ಇರುವ ಅಂತರ ಮಕ್ಕಳಿಗೆ ತಿಳಿಯುತ್ತದೆ.

ಎರಡನೆಯದು ಎಸ್.ಆರ್. ಬೊಮ್ಮಾಯಿ ಪ್ರಕರಣ. 1989ರ ಏಪ್ರಿಲ್‌ನಲ್ಲಿ, ಸದನದಲ್ಲಿ ಬಹುಮತ ಸಾಬೀತುಪಡಿಸುತ್ತೇನೆಂದು ಆಗಿನ ಮುಖ್ಯಮಂತ್ರಿ ಬೊಮ್ಮಾಯಿ ಹೇಳುತ್ತಿದ್ದರೂ, ರಾಜ್ಯಪಾಲರ ವರದಿಯ ಆಧಾರದ ಮೇಲೆ ಸಂವಿಧಾನದ 356ನೆಯ ವಿಧಿಯಡಿ (ರಾಷ್ಟ್ರಪತಿ ಆಳ್ವಿಕೆ) ಅವರ ಸರ್ಕಾರವನ್ನು ವಜಾಗೊಳಿಸಲಾಯಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್‌ನಲ್ಲಿ ನೀಡಿದ ತೀರ್ಪು, ಬಹುಮತವನ್ನು ಪರೀಕ್ಷಿಸಬೇಕಾದ ಸ್ಥಳ ಸದನವೇ ಎಂದು ಸ್ಪಷ್ಟಪಡಿಸಿತು. ಇದನ್ನು ಆಡಿಸಿಯೇ ತೋರಿಸಬಹುದು. ನಲವತ್ತು ಮಕ್ಕಳ ತರಗತಿಯಲ್ಲಿ ಸರ್ಕಾರಕ್ಕೆ ಇಪ್ಪತ್ತೊಂದು ಜನರ ಬೆಂಬಲ ಬೇಕೆಂದು ಹೇಳಿ, ಕೆಲವರಿಂದ ‘ರಾಜ್ಯಪಾಲ’ರಿಗೆ ಬೆಂಬಲ ಹಿಂತೆಗೆದ ಚೀಟಿ ಕೊಡಿಸಿ, ಅವರಲ್ಲೇ ಕೆಲವರು ಮರುದಿನ ಮನಸ್ಸು ಬದಲಿಸುವಂತೆ ಹೇಳಿಕೊಡಿ. ಚೀಟಿಯನ್ನು ನಂಬಬೇಕೋ ಎಲ್ಲರೆದುರು ಕೈ ಎತ್ತಿಸಬೇಕೋ ಎಂಬ ವಾದ ಒಂದು ಪೀರಿಯಡ್ಡಿಗೆ ಮುಗಿಯುವುದಿಲ್ಲ. ರಾಜ್ಯಪಾಲರ ಅಧಿಕಾರಗಳನ್ನು ಪಟ್ಟಿ ಮಾಡಿ ಓದಿಸುವ ಕೆಲಸವನ್ನು ಆ ವಾದ ಮುಗಿದ ಮೇಲೆ ಇಟ್ಟುಕೊಳ್ಳಿ.

ರಾಜಕೀಯ ತರಗತಿಯೊಳಗೆ ನುಗ್ಗುವ ಭಯ ನಿಮಗಿದೆ ಎಂದೂ ಬರೆದಿದ್ದೀರಿ. ನಾವು ಸರ್ಕಾರಿ ನೌಕರರು, ಮಕ್ಕಳಲ್ಲಿ ಪಂಚಾಯಿತಿ ಸದಸ್ಯರ ಮನೆಯವರೂ ಇರುತ್ತಾರೆ, ಹೀಗಾಗಿ ಭಯ ಸಹಜ. ನಾನು ಹುದ್ದೆಯ ಹೆಸರು ಹೇಳುತ್ತೇನೆ, ವ್ಯಕ್ತಿಯ ಹೆಸರು ಹೇಳುವುದಿಲ್ಲ. ಯಾರ ಮನೆಯಲ್ಲಿ ಯಾವ ಪಕ್ಷ ಎಂದು ಕೇಳುವುದಿಲ್ಲ, ಮಕ್ಕಳಿಗೂ ಕೇಳಲು ಬಿಡುವುದಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದರಿಂದ ಕೆಳಗಿನ ತರಗತಿಗಳಲ್ಲಿ ಅದನ್ನೇ ಮಾದರಿಯಾಗಿ ಇಟ್ಟುಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ.

ಇನ್ನು ಪರೀಕ್ಷೆಯ ಮಾತು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಜನವರಿಯ ನಂತರ ಇಂಥ ಚಟುವಟಿಕೆಗಳಿಗೆ ಸಮಯ ಸಿಗುವುದಿಲ್ಲ, ಆಗ ಪ್ರಶ್ನೆಪತ್ರಿಕೆಗಳನ್ನೇ ಬಿಡಿಸಬೇಕು. ಆದ್ದರಿಂದ ಬೊಮ್ಮಾಯಿ ಪ್ರಕರಣವನ್ನು ದಸರಾ ರಜೆಗೆ ಮೊದಲೇ ಮುಗಿಸಿಕೊಳ್ಳಿ, ಸಕಾಲದ ಪಾಠವನ್ನು ವಿದ್ಯಾರ್ಥಿವೇತನದ ಅರ್ಜಿ ಹಾಕುವ ದಿನಗಳಿಗೇ ಹೊಂದಿಸಿಕೊಳ್ಳಿ.