ಮಗನ ಪೋಸ್ಟು, ಅಪ್ಪ ಬರೆದ ಕ್ಷಮಾಪಣೆ: ಒಂದು ಆಪ್ತಸಲಹೆ ಪ್ರಕರಣ

2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ದಿನಗಳಲ್ಲೂ ಆಮೇಲೂ, ಒಂದೇ ಬಗೆಯ ಮನೆಗಳಿಂದ ಕರೆ ಬರುತ್ತಿತ್ತು: ಮಗ ಏನೋ ಪೋಸ್ಟ್ ಹಾಕಿದ್ದಾನೆ, ಕಾಲೇಜು ನೋಟಿಸ್ ಕೊಟ್ಟಿದೆ, ಅಪ್ಪ ಮಾತು ಬಿಟ್ಟಿದ್ದಾರೆ. ಅಂಥದ್ದೊಂದು ಪ್ರಕರಣವಿದು, ಗುರುತಿನ ವಿವರ ಬದಲಿಸಿದ್ದೇನೆ.

ಬೆಳಗಾವಿ ಕಡೆಯ ಎಂಜಿನಿಯರಿಂಗ್ ಹುಡುಗ, ತಂದೆ ನಿವೃತ್ತ ಹವಾಲ್ದಾರ್. ಹುಡುಗನಿಗೆ ನಿದ್ದೆಯಿಲ್ಲ, ಫೋನ್ ರಿಂಗಾದರೆ ಮೈ ಬೆವರುತ್ತದೆ. ಆದರೆ ತಂದೆ ಬಂದದ್ದು ಅದಕ್ಕಲ್ಲ. ತಾವೇ ಬರೆದು ತಂದ ಕ್ಷಮಾಪಣೆ ಪತ್ರಕ್ಕೆ ಅವನ ಸಹಿ ಹಾಕಿಸಿಕೊಡಿ ಅಂತ. ‘ನಾನು ದೇಶದ್ರೋಹದ ಪೋಸ್ಟ್ ಹಾಕಿ ಸೇನೆಗೆ ಅವಮಾನ ಮಾಡಿದ್ದೇನೆ’ ಎಂದು ಪತ್ರ ಶುರುವಾಗಿತ್ತು.

ಪೋಸ್ಟಿನಲ್ಲಿ ಏನಿತ್ತೆಂದು ಕೇಳಿದೆ. ಅವರು ಓದಿಯೇ ಇರಲಿಲ್ಲ. ಮಾಜಿ ಸೈನಿಕರ ವಾಟ್ಸಾಪ್ ಗುಂಪಿನಲ್ಲಿ ಯಾರೋ ‘ನಿಮ್ಮ ಮಗ ಹಿಂಗ ಮಾಡ್ಯಾನ’ ಅಂದದ್ದೇ ಸಾಕಾಗಿತ್ತು. ಹುಡುಗನ ಬಳಿಯಿದ್ದ ಸ್ಕ್ರೀನ್‌ಶಾಟ್ ಕೊಟ್ಟು ಜೋರಾಗಿ ಓದಲು ಹೇಳಿದೆ. ಕನ್ನಡಕ ಏರಿಸಿಕೊಂಡು ಓದಿದರು: ‘ಪೂಂಛ್‌ನಾಗ ಶೆಲ್ ಬಿದ್ದು ಸತ್ತವರೂ ನಮ್ಮವರ. ಲಗೂನ ನಿಲ್ಲಲಿ ಇದು. ಸ್ಟುಡಿಯೋದಾಗ ಕುಂತು ಕರಾಚಿ ಸುಡೋರು ಒಂದು ರಾತ್ರಿ ಬಂಕರ್‌ನಾಗ ಕಳೀಲಿ.’

ಕೊನೆಯ ಸಾಲಿಗೆ ತಡೆದರು. ‘ಇದು ನಾ ಅಂದ ಮಾತಲ್ಲೇನ?’

‘ನೀವ ಅಂದಿದ್ರಿ ಅಪ್ಪಾ, ಟಿವಿ ನೋಡ್ಕೋತ.’

‘ಮನಿಯಾಗ ಅಂದಿದ್ದೆ. ಊರಿಗೆಲ್ಲಾ ಸಾರು ಅಂದಿದ್ನೇನ?’

ಜಗಳ ನಿಜವಾಗಿ ಇದ್ದದ್ದು ಇಲ್ಲಿ. ಮಗನ ದೇಶಪ್ರೇಮದ ಬಗ್ಗೆ ತಂದೆಗೆ ಅನುಮಾನವಿರಲಿಲ್ಲ. ಅಸಮಾಧಾನವನ್ನು ಹೊರಗೆ ಆಡಬಾರದೆಂಬ ಸೈನ್ಯದ ಶಿಸ್ತನ್ನು ಮಗನ ಮೇಲೂ ಹೇರುತ್ತಿದ್ದರು. ಸೈನಿಕರ ಹಕ್ಕುಗಳನ್ನು ಮಿತಿಗೊಳಿಸಲು ಸಂವಿಧಾನದ 33ನೇ ವಿಧಿ ಸಂಸತ್ತಿಗೆ ಅಧಿಕಾರ ಕೊಟ್ಟಿದೆ. ಆ ವಿಧಿ ಕಾಲೇಜು ಹುಡುಗನಿಗೆ ಅನ್ವಯಿಸುವುದಿಲ್ಲ. ಅವನಿಗಿರುವುದು ಮಾತಿನ ಸ್ವಾತಂತ್ರ್ಯ ಕೊಡುವ 19ನೇ ವಿಧಿ, ಅದರ ಮಿತಿಗಳೊಂದಿಗೆ. ಇದನ್ನು ಹೇಳಿದಾಗ ಅವರು ಒಪ್ಪಲಿಲ್ಲ, ಆದರೆ ಪತ್ರ ಮಡಚಿ ಜೇಬಿಗಿಟ್ಟರು.

ನನ್ನ ಸಲಹೆ, ಆ ಪತ್ರಕ್ಕೆ ಸಹಿ ಬೇಡ ಎಂಬುದು. ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ ಎನ್ನಬಹುದು. ಮಾಡದ ಅಪರಾಧವನ್ನು ಒಪ್ಪಿ ಬರೆದುಕೊಟ್ಟರೆ ಆ ಕಾಗದ ನಾಳೆ ಅವನ ವಿರುದ್ಧವೇ ನಿಲ್ಲುತ್ತದೆ. ದೇಶದ ಸಾರ್ವಭೌಮತೆ, ಏಕತೆಗೆ ಅಪಾಯ ತರುವ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಮಿನಲ್ಲಿ ಜೀವಾವಧಿವರೆಗೂ ಶಿಕ್ಷೆಯಿದೆ. ಸರ್ಕಾರದ ಕ್ರಮವನ್ನು ಕಾನೂನುಬದ್ಧವಾಗಿ ಬದಲಿಸಲೆಂದು, ದಂಗೆಗೆ ಪ್ರಚೋದಿಸದೆ ಮಾಡುವ ಟೀಕೆ ಅಪರಾಧವಲ್ಲ ಎಂಬ ವಿವರಣೆಯೂ ಅದೇ ಕಲಮಿನಲ್ಲಿದೆ.

‘ಮಕ್ಕಳನ್ನು ಸಮಾಧಾನ ಮಾಡಿ ಕಳಿಸಿ, ಕಾನೂನು ನಿಮಗ್ಯಾಕೆ’ ಎನ್ನುವವರಿದ್ದಾರೆ. ಏನೂ ಆಗುವುದಿಲ್ಲ ಅನ್ನುವ ಸಮಾಧಾನ ಸುಳ್ಳಾಗುತ್ತಿತ್ತು. ಅದೇ ತಿಂಗಳು ಪುಣೆಯ ವಿದ್ಯಾರ್ಥಿನಿಯೊಬ್ಬಳು ತಾನು ಹಂಚಿಕೊಂಡ ಪೋಸ್ಟನ್ನು ಎರಡು ಗಂಟೆಯೊಳಗೆ ಅಳಿಸಿ ಕ್ಷಮೆ ಕೇಳಿದರೂ ಬಂಧನಕ್ಕೊಳಗಾದಳು. ಮೇ 27ರಂದು ಬಾಂಬೆ ಹೈಕೋರ್ಟ್ ಬಿಡುಗಡೆ ಮಾಡಿಸಿತು, ಕಾಲೇಜು ಹೊರಹಾಕಿದ ಆದೇಶವನ್ನೂ ತಡೆಹಿಡಿಯಿತು. ಇನ್ನು ದೇಶಪ್ರೇಮ ಅಳೆಯುವ ಗುಂಪುಗಳ ವಿಷಯ. ಸರ್ಕಾರದ ಪರವಾಗಿ ದಿನವೂ ಮಾತಾಡಿದ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಅವರನ್ನೇ, ಮೇ 10ರ ಕದನವಿರಾಮದ ನಂತರ ಮನೆಯವರ ಸಮೇತ ಬಯ್ದರು. ಹವಾಲ್ದಾರರಿಗೆ ನಾಟಿದ್ದು ಕಲಮುಗಳಿಗಿಂತ ಇದೇ.

ಇಂಥ ಸಂದರ್ಭದಲ್ಲಿ ಮನೆಯವರು ಮೊದಲು ಪೋಸ್ಟನ್ನು ಪೂರ್ತಿ ಓದಿ. ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಮೂಲ ಮಾತು ಕಳೆದುಹೋದರೆ ಊರವರು ತಿರುಚಿದ್ದೇ ಉಳಿಯುತ್ತದೆ. ಪೋಸ್ಟ್ ಅಳಿಸುವುದೋ ಬಿಡುವುದೋ ಎಂಬುದನ್ನು ವಕೀಲರನ್ನು ಕೇಳಿ ತೀರ್ಮಾನಿಸಿ. ಕಾಲೇಜಿನ ನೋಟಿಸಿಗೆ ಗಡುವಿನೊಳಗೆ ಬರಹದಲ್ಲೇ ಉತ್ತರಿಸಿ, ಮುಖಾಮುಖಿ ಅಹವಾಲಿಗೆ ಅವಕಾಶ ಕೇಳಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಠಾಣೆಯಿಂದ ಬರೀ ಫೋನ್ ಬಂದರೆ ಲಿಖಿತ ನೋಟಿಸ್ ಕೇಳಿ, ವಕೀಲರೊಂದಿಗೇ ಹೋಗಿ; ಫೋನ್ ವಶಪಡಿಸಿಕೊಂಡರೆ ಜಪ್ತಿ ಪಂಚನಾಮೆಯ ಪ್ರತಿ ಬೇಕು. ಉಚಿತ ಕಾನೂನು ನೆರವಿಗೆ 15100.

ಸೈನ್ಯದ ವಾಹನ, ಠಿಕಾಣಿ, ವಿಮಾನಗಳ ವಿಡಿಯೋ ಮಾತ್ರ ಯಾವ ಕಾರಣಕ್ಕೂ ಹಾಕುವಂತಿಲ್ಲ. ಅದು ಭಿನ್ನಮತವಲ್ಲ, ಅಲ್ಲಿರುವವರ ಜೀವದ ಪ್ರಶ್ನೆ. ಈ ಗೆರೆಯನ್ನು ಹುಡುಗನಿಗೆ ಹಾಕಿಕೊಟ್ಟವರು ತಂದೆಯೇ. ಉತ್ತರದ ಪತ್ರವನ್ನು ಇಬ್ಬರೂ ಸೇರಿ ಬರೆದರು, ಕಾಲೇಜು ಎಚ್ಚರಿಕೆ ಕೊಟ್ಟು ಬಿಟ್ಟಿತು. ಹುಡುಗನ ನಿದ್ದೆ ಇನ್ನೂ ಸರಿಯಾಗಿಲ್ಲ, ಅದಕ್ಕೆ ಸೆಷನ್‌ಗಳು ನಡೆಯುತ್ತಿವೆ. ನಡುರಾತ್ರಿ ಎದೆ ಹೊಡೆದುಕೊಂಡರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು ಎಂದು ಹೇಳಿದ್ದೇನೆ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.