ಮಕ್ಕಳನ್ನು ಕರ್ಕೊಂಡು ಉಗಾಂಡಾಕ್ಕೆ?

ನಾಲ್ಕು ಮತ್ತು ಏಳು ವರ್ಷದ ಮಕ್ಕಳ ಜೊತೆ ಉಗಾಂಡಾದ ಹಳ್ಳಿ ಶಾಲೆಯಲ್ಲಿ ಮೂರು ತಿಂಗಳು ಪಾಠ ಮಾಡಬಹುದಾ ಅಂತ ಕೇಳಿದ್ದೀರಿ. ಮಡಿಕೇರಿಯಿಂದ ನಾವೂ ಹೀಗೇ ಹೋಗಿ ಬಂದವರು. ಹೋಗಿ. ಆದರೆ ಮೊದಲ ಎರಡು ವಾರ ಯಾವ ಕೆಲಸವನ್ನೂ ಒಪ್ಪಿಕೊಳ್ಳಬೇಡಿ. ಮಕ್ಕಳು ಹೊಂದಿಕೊಳ್ಳಲಿ.

ಹಳದಿ ಜ್ವರದ ಲಸಿಕೆ ಕಡ್ಡಾಯ. ಹೊರಡುವ 10 ದಿನ ಮೊದಲೇ ಹಾಕಿಸಬೇಕು. ಎಲ್ಲಾ ಆಸ್ಪತ್ರೆಯಲ್ಲೂ ಸಿಗಲ್ಲ, ನಾವು ಬೆಂಗಳೂರಿಗೆ ಹೋಗಿದ್ದೆವು. ಸರ್ಟಿಫಿಕೇಟ್ ಇಲ್ಲದೆ ವಾಪಸ್ ಬಂದರೆ ಇಲ್ಲೂ ಕ್ವಾರಂಟೈನ್ ಮಾಡುತ್ತಾರೆ. ಮಲೇರಿಯಾ ಮಾತ್ರೆಯನ್ನು ಮಗುವಿನ ತೂಕ ನೋಡಿ ಡಾಕ್ಟರೇ ಬರೆದುಕೊಡಬೇಕು. ಸೊಳ್ಳೆಪರದೆ ಇಲ್ಲಿಂದಲೇ ಒಯ್ಯಿರಿ.

ಊಟದ್ದೇ ದೊಡ್ಡ ಕಥೆ. ಅಲ್ಲಿ ಮಟೋಕೆ, ಅಂದರೆ ಬಾಳೆಕಾಯಿಯನ್ನು ಎಲೆಯಲ್ಲಿ ಸುತ್ತಿ ಬೇಯಿಸಿ ಹಿಸುಕಿದ್ದು. ನಮ್ಮ ಚಿಕ್ಕವನು ಮೂರು ದಿನ ಮುಟ್ಟಲಿಲ್ಲ, ನಮ್ಮ ಕೊಡಗಿನ ಅಕ್ಕಿ ಕಡುಬು ಕಡಂಬುಟ್ಟೇ ಬೇಕು ಅಂತ ಹಠ. ನಾಲ್ಕನೇ ದಿನ ಪಕ್ಕದ ಮನೆ ಹುಡುಗರ ತಟ್ಟೆಗೆ ಕೈ ಹಾಕಿ ತಿಂದ! ಉಗಾಂಡಾದ ಮಧ್ಯಭಾಗದ ಬುಗಾಂಡಾ ಪ್ರಾಂತ್ಯದ ಕಡೆ ಹುಡುಗಿಯರು ಹಿರಿಯರಿಗೆ ಮಂಡಿಯೂರಿ ನಮಸ್ಕರಿಸುತ್ತಾರೆ. ಮಗಳು ಗಾಬರಿಯಾದಳು. 'ನಾವು ತಾತನ ಕಾಲು ಮುಟ್ಟಲ್ವಾ?' ಅಂದೆ, ಸುಮ್ಮನಾದಳು. ಮನೆ ಹಿಂದೆಯೇ ರೋಬಸ್ಟಾ ಕಾಫಿ ಗಿಡಗಳು. ಅವನ್ನು ನೋಡಿ 'ಇದು ನಮ್ಮ ತೋಟ' ಅಂತ ಇಬ್ಬರೂ ಕುಣಿದರು.

ಒಂದು ಮಾತು: ಅನಾಥಾಲಯದ ಕೆಲಸ ಬೇಡ. ವಿದೇಶಿಯರು ಬರುತ್ತಾರೆ ಅಂತಲೇ ತಂದೆತಾಯಿ ಇರುವ ಮಕ್ಕಳನ್ನೂ ತಂದಿಡುವ ಕಡೆಗಳಿವೆ. ಮತ್ತೆ, ಟೂರಿಸ್ಟ್ ವೀಸಾದಲ್ಲಿ ಪಾಠ ಮಾಡಬೇಡಿ. ಸಂಬಳ ಇಲ್ಲದಿದ್ದರೂ ಬೇರೆ ಪರವಾನಗಿ ಬೇಕು, ಅದನ್ನು ಮಾಡಿಸಿಕೊಡುತ್ತೇವೆ ಅಂತ ಶಾಲೆಯವರಿಂದಲೇ ಮೊದಲು ಬರೆಸಿಕೊಳ್ಳಿ.