ಉಯೆನೊ ಸುತ್ತಾಟ: ದಿನ ಯಾವುದು, ಬಾಗಿಲು ಯಾವುದು?

ಪ್ರಶ್ನೆ: ಟೋಕಿಯೊದ ಉಯೆನೊ ಪಾರ್ಕು, ಅಲ್ಲಿನ ಮ್ಯೂಸಿಯಂಗಳಿಗೆ ಒಂದು ದಿನ ಇಟ್ಟುಕೊಂಡಿದ್ದೇವೆ. ಜೊತೆಗೆ 72 ವರ್ಷದ ಅಮ್ಮ, ಅವರಿಗೆ ಮಂಡಿನೋವು. ಶಾಲೆಗೆ ಹೋಗುವ ಮಗ. ಎಲ್ಲರೂ ಸಸ್ಯಾಹಾರಿಗಳು. ಹೇಗೆ ಸುತ್ತಬೇಕು?
– ಓದುಗರೊಬ್ಬರು, ಹಾಸನ

ಉತ್ತರ: ಸೋಮವಾರ ಬೇಡ. ಹಳೇಬೀಡಿನ ಮ್ಯೂಸಿಯಂಗೆ ಶುಕ್ರವಾರ ರಜೆಯಾದರೆ, ಉಯೆನೊದ ದೊಡ್ಡ ಮ್ಯೂಸಿಯಂಗಳಿಗೂ ಮೃಗಾಲಯಕ್ಕೂ ಸಾಮಾನ್ಯವಾಗಿ ಸೋಮವಾರ. ಅಂದು ಸರ್ಕಾರಿ ರಜೆ ಬಿದ್ದರೆ ತೆರೆದಿದ್ದು, ಮಾರನೇ ದಿನ ಮುಚ್ಚುತ್ತಾರೆ. ಮಂಗಳವಾರ ಹೋಗಿ ಮುಚ್ಚಿದ ಬಾಗಿಲು ನೋಡಿಕೊಂಡು ಬರುವವರು ಇದನ್ನು ಮರೆತವರೇ.

ಅಮ್ಮನ ಮಂಡಿಯ ದೃಷ್ಟಿಯಿಂದ ಸ್ಟೇಷನ್ನಿನ ಯಾವ ಬಾಗಿಲಲ್ಲಿ ಹೊರಬರುತ್ತೀರಿ ಅನ್ನುವುದೇ ಮುಖ್ಯ. ಜೆಆರ್ (ಜಪಾನ್ ರೈಲ್ವೆ) ಉಯೆನೊ ಸ್ಟೇಷನ್ನಿನಲ್ಲಿ ‘ಪಾರ್ಕ್ ಎಕ್ಸಿಟ್’ ಬೋರ್ಡು ಹಿಡಿದು ಬನ್ನಿ. ರಸ್ತೆ ದಾಟುವ ಕೆಲಸವಿಲ್ಲ, ಎದುರಿಗೇ ಪಾರ್ಕು. ನರಿಟಾ ವಿಮಾನ ನಿಲ್ದಾಣದಿಂದ ಸ್ಕೈಲೈನರ್ ರೈಲು ಹತ್ತಿದರೆ ಇಳಿಯುವುದು ಕೆಇಸೇ ಉಯೆನೊದಲ್ಲಿ. ಅದು ಬೇರೆಯೇ ಸ್ಟೇಷನ್, ಅಲ್ಲಿಂದ ಪಾರ್ಕಿಗೆ ಏರು ಹತ್ತಬೇಕು.

ಎಲ್ಲ ಮ್ಯೂಸಿಯಂ ಮುಗಿಸುವ ಹಟ ಬಿಡಿ, ಎರಡು ಸಾಕು. ಬೆಳಿಗ್ಗೆ 9.30ಕ್ಕೆ ಟೋಕಿಯೊ ನ್ಯಾಷನಲ್ ಮ್ಯೂಸಿಯಂ. 70 ದಾಟಿದವರಿಗೆ, 18ರ ಒಳಗಿನವರಿಗೆ ಕಾಯಂ ಪ್ರದರ್ಶನ ಉಚಿತ. ವಯಸ್ಸಿಗೆ ಪಾಸ್‌ಪೋರ್ಟ್ ತೋರಿಸಬೇಕು. ವಿಶೇಷ ಪ್ರದರ್ಶನದ ಟಿಕೆಟ್ ಬೇರೆ. ಗಾಲಿಕುರ್ಚಿ ಅಲ್ಲೇ ಸಿಗುತ್ತದೆ, ಸಂಕೋಚಪಡದೆ ಕೇಳಿ. ಅದೇ ಆವರಣದ ತೊಯೊಕಾನ್ ಕಟ್ಟಡದಲ್ಲಿ ಗಾಂಧಾರ ಶೈಲಿಯ ಬುದ್ಧನ ಶಿಲ್ಪಗಳಿವೆ. ಬೇಲೂರಿನ ಕುಸುರಿಗೆ ಒಗ್ಗಿದ ಕಣ್ಣಿಗೆ ಆ ಬುದ್ಧನ ನಿಲುವಂಗಿಯ ನೆರಿಗೆ ಬೇರೆಯೇ ಲೋಕ. ಮಗನಿಗೆ ಅಲ್ಲೇ ಈಜಿಪ್ಟಿನ ಮಮ್ಮಿ. ರೇಷ್ಮೆ, ಕಾಗದದ ಮೇಲಿನ ಚಿತ್ರಗಳು ಬೆಳಕಿಗೆ ಮಾಸುವುದರಿಂದ ಆಗಾಗ ಬದಲಿಸುತ್ತಾರೆ; ಹೆಸರಾಂತ ಚಿತ್ರ ಅಂದು ಗೋಡೆಯ ಮೇಲೆ ಇಲ್ಲದೆಯೂ ಇರಬಹುದು.

ಮಧ್ಯಾಹ್ನ ವಿಜ್ಞಾನ ಮ್ಯೂಸಿಯಂ. ಸತ್ತ ಒಡೆಯನಿಗಾಗಿ ಸ್ಟೇಷನ್ನಿನಲ್ಲಿ ವರ್ಷಗಟ್ಟಲೆ ಕಾದ ನಾಯಿ ಹಾಚಿಕೊವಿನ, ಚರ್ಮದೊಳಗೆ ತುಂಬಿ ಕಾಪಾಡಿಟ್ಟ ದೇಹ ಇರುವುದು ಅಲ್ಲೇ.

ಊಟದ್ದೇ ತೊಡಕು. ತರಕಾರಿ ಉಡಾನ್ (ದಪ್ಪ ಗೋಧಿ ನೂಡಲ್ಸ್) ಅಂದರೂ ಸಾರನ್ನು ಸಾಮಾನ್ಯವಾಗಿ ಒಣಮೀನಿನಲ್ಲಿ ಕುದಿಸಿರುತ್ತಾರೆ. ಅಮೆಯೊಕೊ ಸಂತೆಬೀದಿ ಹಿಡಿದು ಒಕಾಚಿಮಾಚಿ ಕಡೆ ನಡೆದರೆ ಭಾರತೀಯ ಹೋಟೆಲುಗಳಿವೆ.

ಪ್ರಶ್ನೆ: ಆರ್ಕಿಟೆಕ್ಚರ್ ವಿದ್ಯಾರ್ಥಿ ನಾನು. ಉಯೆನೊದಲ್ಲಿ ಏನು ನೋಡಲಿ?
– ಚಿಕ್ಕಮಗಳೂರು

ಉತ್ತರ: ಲ ಕಾರ್ಬೂಸಿಯೆ ವಿನ್ಯಾಸದ ಪಾಶ್ಚಾತ್ಯ ಕಲಾ ಮ್ಯೂಸಿಯಂ (1959). 2016ರಲ್ಲಿ ಚಂಡೀಗಢದ ಕ್ಯಾಪಿಟಲ್ ಕಾಂಪ್ಲೆಕ್ಸ್ ಜೊತೆಗೇ ವಿಶ್ವ ಪರಂಪರೆಯ ಪಟ್ಟಿ ಸೇರಿತು. ನಡುವಿನ ಹಜಾರದಲ್ಲಿ ನಿಂತು ತಲೆಯೆತ್ತಿ: ತ್ರಿಕೋನದ ಗಾಜಿನಿಂದ ಬೆಳಕು ಇಳಿಯುತ್ತದೆ. ಮೇಲಕ್ಕೆ ಇಳಿಜಾರು ದಾರಿಯಲ್ಲೇ ಹೋಗಿ. ಎದುರಿನ ಸಂಗೀತ ಸಭಾಂಗಣ ಬುಂಕಾ ಕೈಕಾನ್ (1961) ಕಾರ್ಬೂಸಿಯೆ ಅವರ ಶಿಷ್ಯ ಮಾಯೆಕಾವಾ ಅವರದು. ದುಡ್ಡು ಉಳಿಸಬೇಕಿದ್ದರೆ ಪಾಶ್ಚಾತ್ಯ ಕಲಾ ಮ್ಯೂಸಿಯಂ ಅಂಗಳದಲ್ಲಿರುವ ಫ್ರೆಂಚ್ ಶಿಲ್ಪಿ ರೋಡ್ಯಾ ಅವರ ಶಿಲ್ಪಗಳಿಗೆ ಟಿಕೆಟ್ಟಿಲ್ಲ.